ಅತ್ತೆಯ ಇಸ್ತ್ರಿ

ಮೊದಲೇ ಹೇಳಿಬಿಡ್ತೀನಿ, ನನಗೆ ಮೂಗಿನ ತುದಿಯಲ್ಲೇ ಕೋಪ. ಆ ಮಂಗಳವಾರ ಬೆಳಗ್ಗೆ ಅದು ಮೂಗಿನಿಂದಿಳಿದು ಬಾಯಿಗೇ ಬಂದಿತ್ತು. ಹತ್ತು ಗಂಟೆಗೆ ಆಸ್ಪತ್ರೆಯ ಸಿಸ್ಟರ್ ಬರ್ತಾರೆ, ಅತ್ತೆಯ ಬೆನ್ನು ನೋಡ್ತಾರೆ. ಹುಣ್ಣು ಹೋದ ವಾರಕ್ಕಿಂತ ಎಳ್ಳಷ್ಟು ದೊಡ್ಡದಾಗಿದ್ದರೂ ಅತ್ತೆಯನ್ನ ವಾರ್ಡಿಗೆ ಕರ್ಕೊಂಡು ಹೋಗ್ತಾರೆ. ಹೋದ ವಾರವೇ ಕಡ್ಡಿ ಮುರಿದ ಹಾಗೆ ಹೇಳಿ ಹೋಗಿದ್ದರು. ಎಂಟು ಗಂಟೆಗೆ ಮುಲಾಮು ಹಚ್ಚೋಕೆ ಅಂತ ಗೌನು ಎತ್ತಿ ನೋಡಿದೆ. ಹುಣ್ಣು ದೊಡ್ಡದಾಗಿತ್ತು.

"ಹೇಗಿದೆ?" ಅಂತ ಕೇಳಿದರು ಅತ್ತೆ, ಗೋಡೆ ಕಡೆ ಮುಖ ಮಾಡಿಕೊಂಡೇ.

"ಪರವಾಗಿಲ್ಲ" ಅಂದೆ.

"ನಿನ್ನ ಪರವಾಗಿಲ್ಲ ನಂಗೊತ್ತು. ನಿಜ ಹೇಳು."

ಬಟ್ಟಲಿನ ಮುಲಾಮು ಬಳಿದು ಹಚ್ಚಿದೆ. ಬಿಳೀ ಮುಲಾಮು, ಮೀನೆಣ್ಣೆಯ ವಾಸನೆ, ಕೈಗೆ ಹತ್ತಿದರೆ ಮೂರು ಸಲ ಸೋಪು ಹಾಕಿದರೂ ಹೋಗಲ್ಲ.

ಆ ವಾರ್ಡು ಎಂಥದ್ದು ಅಂತ ನನಗೆ ಗೊತ್ತು. ಬಿದ್ದು ಮೂಳೆ ಮುರಿದ ಹೊಸದರಲ್ಲಿ ಅತ್ತೆಯನ್ನ ಹನ್ನೊಂದು ದಿನ ಅಲ್ಲೇ ಇಟ್ಟಿದ್ದರು. ಇಪ್ಪತ್ತು ಮಂಚ, ಎಲ್ಲರಿಗೂ ಒಂದೇ ಹಸಿರು ಅಂಗಿ, ಸಂಜೆ ಒಂದು ಗಂಟೆ ಮಾತ್ರ ಮನೆಯವರಿಗೆ ಬಾಗಿಲು. ಕೆಟ್ಟ ಜಾಗ ಅಂತಲ್ಲ, ಪಾಪ, ಅಲ್ಲಿಯವರೂ ದುಡಿದು ಸುಸ್ತಾದವರೇ. ಆದರೆ ಅಲ್ಲಿಗೆ ಎರಡನೇ ಸಲ ಹೋದವರು ಮನೆಗೆ ವಾಪಸ್ ಬಂದಿದ್ದನ್ನ ನಾನಂತೂ ಕಂಡಿಲ್ಲ. ಅಲ್ಲಿಂದ ಬಂದ ದಿನ ಅತ್ತೆ ನನ್ನ ಮಣಿಕಟ್ಟು ಹಿಡಿದು, "ಇನ್ನೊಂದ್ಸಲ ಅಲ್ಲಿಗೆ ಮಾತ್ರ ಕಳಿಸ್ಬೇಡ ಕಣೆ, ನಿನ್ನ ಕಾಲಿಗೆ ಬೀಳ್ತೀನಿ" ಅಂದಿದ್ದರು. ಯಾರಿಗೂ ತಲೆ ಬಾಗದ ಹೆಂಗಸು. "ಬಿದ್ದಿದ್ದು ಸಾಕು, ಇನ್ನೆಲ್ಲೂ ಬೀಳ್ಬೇಡಿ. ಕಳಿಸಲ್ಲ" ಅಂತ ಗದರಿಬಿಟ್ಟೆ. ಗದರಿದರೂ ಮಾತು ಮಾತೇ ಅಲ್ವಾ?

ಈಗ ಇಸ್ತ್ರಿ ವಿಷಯ ಹೇಳಲೇಬೇಕು. ನನ್ನ ಗಂಡ ಎಲೆಕ್ಟ್ರಿಷಿಯನ್. ಊರಿನ ಅರ್ಧ ಮನೆಗಳ ವೈರು ಇವರ ಕೈಯಲ್ಲಿ ಹಾದುಹೋಗಿದೆ. ನಮ್ಮ ಮನೆಯ ಇಸ್ತ್ರಿಪೆಟ್ಟಿಗೆ ಮಾತ್ರ ಕೆಟ್ಟು ನಾಲ್ಕು ವರ್ಷದಿಂದ ಬೀರು ಮೇಲೆ ಕೂತಿದೆ. ಕೇಳಿದಾಗಲೆಲ್ಲ "ನಾಳೆ" ಅಂತಾರೆ. ಹೊಸದು ತರ್ತೀನಿ, ಇಲ್ಲಾ ಅಂಗಡಿಗೆ ಇಸ್ತ್ರಿಗೆ ಕೊಡ್ತೀನಿ ಅಂದರೆ ಅವಮಾನ ಆಗುತ್ತಂತೆ, ಎಲೆಕ್ಟ್ರಿಷಿಯನ್ ಮನೇಲೇ ಪೆಟ್ಟಿಗೆ ಕೆಟ್ಟಿದೆ ಅಂತ ಜನ ನಗ್ತಾರಂತೆ. ಅದಕ್ಕೇ ನಮ್ಮ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಕಸರತ್ತು. ಇವರು ಅಂಗಿ ಹಿಂಡದೇ ನೀರು ಸೋರುವ ಹಾಗೇ ನೇತು ಹಾಕ್ತಾರೆ, ನೀರಿನ ಭಾರಕ್ಕೆ ಸುಕ್ಕು ಬಿಡುತ್ತೆ ಅಂತ. ಮಗಳು ಬಿಸಿನೀರು ಸ್ನಾನ ಮಾಡುವಾಗ ಸ್ಕೂಲ್ ಅಂಗಿಯನ್ನ ಬಚ್ಚಲ ಬಾಗಿಲಿಗೆ ತಗುಲಿಸಿಕೊಂಡು ಹಬೆ ಹಿಡಿಸ್ತಾಳೆ. ನಾನು ಕುದಿಯುವ ನೀರಿನ ಪಾತ್ರೆಯ ತಳದಿಂದ ಕಾಲರ್ ಉಜ್ಜಿ ಒಂದ್ಸಲ ಕೈ ಸುಟ್ಕೊಂಡೆ.

ನಾನಿರೋದು ಬಸ್ ಡಿಪೋದಲ್ಲಿ, ಟಿಕೆಟ್ ತಪಾಸಣೆ ಕೆಲಸ. ಡ್ಯೂಟಿ ಹತ್ತುವ ಮುಂಚೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಯೂನಿಫಾರಂ ನೋಡ್ತಾರೆ. ನೋಡುವ ಮನುಷ್ಯನಿಗೆ ನಾವಿಟ್ಟ ಹೆಸರು ಗೆರೆ ಸಾಹೇಬ. ಪ್ಯಾಂಟಿನ ಗೆರೆ ಸೊಂಟದಿಂದ ಪಾದದವರೆಗೆ ನೆಟ್ಟಗಿರಬೇಕು. ಇಲ್ಲದಿದ್ದರೆ ಎಲ್ಲರ ಮುಂದೆ, "ಹಾಸಿಗೆಯಿಂದ ಸೀದಾ ಬಂದ್ರೇನಮ್ಮಾ?" ಅಂತ ಕೇಳ್ತಾನೆ. ಗಂಡಸರು ಕಿಸಕ್ ಅಂತಾರೆ. ಮೈ ಉರಿದುಹೋಗುತ್ತೆ.

ಅತ್ತೆ ಮೂವತ್ತೈದು ವರ್ಷ ಬಟ್ಟೆ ಹೊಲಿದವರು. ಎಂಟು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ತೊಡೆಮೂಳೆ ಮುರಿದುಕೊಂಡು ಹಾಸಿಗೆ ಹಿಡಿದರು. ಮೂರನೇ ತಿಂಗಳು ಒಂದಿನ ನಾನು ಪಾತ್ರೆ ಹಿಡ್ಕೊಂಡು ಬೈಕೊಳ್ಳೋದನ್ನ ಕೇಳಿ ಕೂಗಿದರು: "ಇಲ್ಲಿ ತಾರೇ ಆ ಪ್ಯಾಂಟು!" ಎದೆ ಮೇಲೇ ಹರವಿಕೊಂಡು, ನೀರು ಚಿಮುಕಿಸಿ, ಹೊಲಿಗೆ ಮೇಲೆ ಹೊಲಿಗೆ ಕೂರಿಸಿ ಮಡಚಿದರು. "ತಗೋ, ನನ್ನ ಹಾಸಿಗೆ ಕೆಳಗೆ ಇಡು. ಹೇಗಿದ್ರೂ ಬಿದ್ಕೊಂಡೇ ಇದೀನಲ್ಲ." ಮಾರನೇ ದಿನ ತೆಗೆದರೆ ಗೆರೆ ಅಂದರೆ ಗೆರೆ! ಗೆರೆ ಸಾಹೇಬನೇ ಬಗ್ಗಿ ನೋಡಿ, "ಎಲ್ಲಿ ಕೊಡ್ತೀರಮ್ಮಾ ಇಸ್ತ್ರಿಗೆ?" ಅಂತ ಕೇಳಿದ. "ಮನೇಲೇ" ಅಂದೆ ಜಂಬದಿಂದ.

ಆಮೇಲೆ ಮನೆಯ ಬಟ್ಟೆಯೆಲ್ಲ ಅತ್ತೆಗೇ. ಮಗಳ ನೆರಿಗೆ ಸ್ಕರ್ಟ್ ಅಂತೂ ಅವರ ಕೈಚಳಕಕ್ಕೆ ಸವಾಲು, ಒಂದೊಂದು ನೆರಿಗೆಯನ್ನೂ ಉಗುರಲ್ಲಿ ತೀಡಿ ಮಡಚೋರು. ಕೆಲಸ ಬಂದ ಮೇಲೆ ಅತ್ತೆಗೆ ದನಿ ಬಂತು. "ನಿನ್ನೆ ಪ್ಯಾಂಟ್ ನೋಡಿ ಏನಂದ ನಿಮ್ಮ ಸಾಹೇಬ?" ಅಂತ ದಿನಾ ಕೇಳೋರು. ನಾನು ಉಪ್ಪುಖಾರ ಹಚ್ಚಿ ಹೇಳ್ತಿದ್ದೆ.

ಒಂದೂವರೆ ತಿಂಗಳ ಹಿಂದೆ ಬೆನ್ನು ಸ್ವಲ್ಪ ಕೆಂಪಾಯ್ತು ಅಂತ ಆಸ್ಪತ್ರೆಯಿಂದ ಗಾಳಿ ಹಾಸಿಗೆ ಬಂತು. ಪುಟ್ಟ ಮೋಟಾರು ಗುರ್‍ ಅಂತಿರುತ್ತೆ, ಒಳಗಿನ ಕೊಳವೆಗಳು ಉಬ್ಬುತ್ತವೆ, ಇಳಿಯುತ್ತವೆ, ಮೈಭಾರ ಒಂದೇ ಕಡೆ ಬೀಳಲ್ಲ. ಬೆನ್ನಿಗೆ ಒಳ್ಳೆಯದಾಯ್ತು, ಇಸ್ತ್ರಿ ಹಾಳಾಯ್ತು. ಆ ಹಾಸಿಗೆ ಕೆಳಗಿಟ್ಟ ಬಟ್ಟೆ ಇಟ್ಟ ಹಾಗೇ ಬರ್ತಿತ್ತು. ಗೆರೆ ಸಾಹೇಬನ ಬಾಯಿಗೆ ಮತ್ತೆ ಸಿಕ್ಕಿಬಿದ್ದೆ. ಆ ಸಂಜೆ ಮನೆಗೆ ಬಂದು ಚೀಲ ಎಸೆದು, "ಗಾಳಿ ಹಾಸಿಗೆ ಬಂದಿದ್ದೇ ಬಂತು ಅತ್ತೆ, ನಿಮ್ಮ ಇಸ್ತ್ರಿ ಗಾಳಿಗೆ ಹೋಯ್ತು" ಅಂದೆ. ತಮಾಷೆಗೇ ಅಂದಿದ್ದು. ಅತ್ತೆ ನಗಲಿಲ್ಲ. "ನಾಳೆಯಿಂದ ಬಟ್ಟೆ ನನ್ನ ಕೈಗೆ ಕೊಟ್ಟು ಹೋಗು. ನಾನೇ ಇಟ್ಕೋತೀನಿ" ಅಂದರು.

ಮರುದಿನದಿಂದ ಗೆರೆ ಮತ್ತೆ ಬಂತು, ಮೊದಲಿಗಿಂತ ಚೂಪಾಗಿ. ನಾನು ಬೆಳಗ್ಗೆ ಏಳುವಷ್ಟರಲ್ಲಿ ಪ್ಯಾಂಟು ಮಂಚದ ಅಂಚಿನಲ್ಲಿ ಸಿದ್ಧವಾಗಿರ್ತಿತ್ತು. "ಅತ್ತೆ ಅಂದ್ರೆ ಅತ್ತೆ" ಅಂತ ಹೊಗಳಿ ಓಡ್ತಿದ್ದೆ. ಹೇಗೆ ಬಂತು ಅಂತ ಕೇಳಲಿಲ್ಲ. ಬೇಕಾಗಿದ್ದು ಸಿಕ್ಕಾಗ ಯಾರು ಕೇಳ್ತಾರೆ?

ಅಲ್ಲಿಂದ ಎರಡು ವಾರಕ್ಕೆ ಹುಣ್ಣು ಶುರುವಾಯ್ತು. ಗಾಳಿ ಹಾಸಿಗೆ ಇದೆ, ಮುಲಾಮು ಇದೆ, ಎರಡೆರಡು ಗಂಟೆಗೆ ಮಗ್ಗುಲು ಬದಲಾಯಿಸ್ತೀವಿ. ಆದರೂ ಯಾಕೆ? ಆ ಮಂಗಳವಾರ ನನ್ನ ಅನುಮಾನವೆಲ್ಲ ಗಂಡನ ಮೇಲೆ.

"ರೀ, ನಿಜ ಹೇಳಿ, ರಾತ್ರಿ ನಿಮ್ಮ ಸರದಿಯಲ್ಲಿ ಎದ್ದು ಅಮ್ಮನ್ನ ತಿರುಗಿಸ್ತೀರೋ, ಗೊರಕೆ ಹೊಡೀತೀರೋ?"

"ತಿರುಗಿಸ್ತೀನಿ ಕಣೆ! ಎಷ್ಟ್ಸಲ ಹೇಳ್ಬೇಕು?"

"ಹಾಗಾದ್ರೆ ಅದು ಹೇಗೆ ದೊಡ್ಡದಾಯ್ತು? ಗಾಳಿಗೆ ಬೆಳೀತಾ? ಇವತ್ತು ಅತ್ತೆನ ಕರ್ಕೊಂಡು ಹೋದ್ರೆ ಅದಕ್ಕೆ ನೀವೇ ಹೊಣೆ, ಹೇಳಿರ್ತೀನಿ."

ಇವರ ಮುಖ ಕಪ್ಪಿಟ್ಟುಹೋಯ್ತು. ಹೆತ್ತ ತಾಯಿಯ ವಿಷಯದಲ್ಲಿ ಹೀಗೆ ಅನ್ನಿಸಿಕೊಂಡರೆ ಯಾರಿಗಾದರೂ ಆಗೋದೇ. ಅಂದಮೇಲೆ ಗೊತ್ತಾಯ್ತು, ಆದರೆ ನನ್ನ ನಾಲಿಗೆ ನಿಲ್ಲಬೇಕಲ್ಲ.

ಮಗಳು ಸ್ಕೂಲಿಗೆ ಹೋಗಿದ್ದಳು. ನನಗೆ ಹನ್ನೊಂದಕ್ಕೆ ಡ್ಯೂಟಿ, ಯೂನಿಫಾರಂ ಹಾಕ್ಕೊಂಡೇ ಕಾದೆ. ಹತ್ತಕ್ಕೆ ಐದು ನಿಮಿಷ ಇರುವಾಗಲೇ ಕರೆಗಂಟೆ ಸದ್ದಾಯ್ತು.

ಈ ಸಿಸ್ಟರಿಗೆ ನಮ್ಮ ಮಗಳು ಇಟ್ಟ ಹೆಸರು ಟಾರ್ಚ್ ಸಿಸ್ಟರ್. ಹಗಲಲ್ಲೂ ಟಾರ್ಚ್ ಹಾಕ್ಕೊಂಡೇ ನೋಡೋದು. ವಯಸ್ಸಾದವರು, ಒಂದು ಮಾತು ಜಾಸ್ತಿ ಆಡೋರಲ್ಲ. ಚಪ್ಪಲಿ ಬಿಟ್ಟು, ಕೈ ತೊಳೆದು, ಸೀದಾ ಕೋಣೆಗೆ ನಡೆದರು. ನಾನೂ ಗಂಡನೂ ಸೇರಿ ಅತ್ತೆಯನ್ನ ಮಗ್ಗುಲಾಗಿಸಿದೆವು. ಟಾರ್ಚ್ ಹತ್ತಿತು. ಸಿಸ್ಟರ್ ಒಂದು ಪಟ್ಟಿ ಇಟ್ಟು ಹುಣ್ಣು ಅಳೆದರು, ಪುಸ್ತಕದ ಹಿಂದಿನ ಹಾಳೆ ತಿರುವಿದರು, ಮತ್ತೆ ಅಳೆದರು.

"ದೊಡ್ಡದಾಗಿದೆ" ಅಂದರು.

ಅತ್ತೆ ಗೌನಿನ ಅಂಚು ಕೆಳಗೆಳೆದುಕೊಳ್ಳೋಕೆ ನೋಡಿದರು.

ಆಮೇಲೆ ಸಿಸ್ಟರ್ ಬಗ್ಗಿದರು. ಟಾರ್ಚನ್ನ ಓರೆಯಾಗಿ ಹಿಡಿದು ಬೆರಳಿನಿಂದ ಚರ್ಮ ಸವರಿದರು. "ಇದೇನಿದು?" ಹುಣ್ಣಿನಿಂದ ಕೆಳಗೆ ಒಂದು ಕೆಂಪು ಗೆರೆ. ಹೊಲಿಗೆಯವರ ಸ್ಕೇಲ್ ಇಟ್ಟು ಎಳೆದಷ್ಟು ನೇರ. ಪಕ್ಕದಲ್ಲಿ ಬೆರಳ ಉಗುರಿನಷ್ಟು ಅಗಲದ ಇನ್ನೊಂದು ಗುರುತು, ಒಳಕ್ಕೆ ಕಚ್ಚಿದ ಹಾಗೆ. ಕಿಟಕಿ ಬೆಳಕಲ್ಲಿ ನನಗೆ ಇದು ಕಂಡೇ ಇರಲಿಲ್ಲ.

"ಇದು ಮಲಗಿ ಆದ ಹುಣ್ಣಲ್ಲ. ಏನೋ ಗಟ್ಟಿ ವಸ್ತು ತಗುಲಿದೆ." ಸಿಸ್ಟರ್ ದನಿ ಬದಲಾಯ್ತು. "ಅಮ್ಮಾ, ಇದು ಹೇಗಾಯ್ತು?"

ಅತ್ತೆ ಪಿಟಕ್ಕೆನ್ನಲಿಲ್ಲ.

"ಯಾರಾದ್ರೂ ಏನಾದ್ರೂ ಮಾಡಿದ್ರಾ? ಹೆದರ್ಕೋಬೇಡಿ, ಹೇಳಿ."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಕಿವಿಯೆಲ್ಲ ಕಾದುಹೋಯ್ತು. "ಸಿಸ್ಟರ್, ಏನು ಮಾತಾಡ್ತಿದೀರಾ? ನಾವು ಅವರನ್ನ..."

"ನೀವಿಬ್ರೂ ಸ್ವಲ್ಪ ಹೊರಗಿರಿ" ಅಂದರು. ಬಾಗಿಲು ಹಾಕಿಕೊಂಡರು.

ನಮ್ಮ ಮನೆಯಲ್ಲಿ ನಮ್ಮನ್ನೇ ಹೊರಗೆ ಹಾಕಿದರು! ಹಜಾರದಲ್ಲಿ ನಾನೂ ಇವರೂ ಮುಖ ಮುಖ ನೋಡಿಕೊಂಡು ನಿಂತೆವು. ಒಳಗೆ ಸಿಸ್ಟರ್ ಮೆತ್ತಗೆ ಕೇಳೋದು ಕೇಳಿಸ್ತಿತ್ತು, ಅತ್ತೆಯ ದನಿ ಇಲ್ಲ. "ಯಾಕೆ ಸುಮ್ನಿದಾರೆ ಅತ್ತೆ?" ಅಂತ ಪಿಸುಗುಟ್ಟಿದೆ. "ಯಾರೂ ಏನೂ ಮಾಡಿಲ್ಲ ಅಂತ ಒಂದು ಮಾತು ಹೇಳೋಕೇನು ಕಷ್ಟ? ಇವತ್ತು ಪೊಲೀಸ್ ಬಂದ್ರೂ ಬರಬಹುದು, ಗೊತ್ತಾ?" ಇವರು ಗೋಡೆಗೊರಗಿ ನಿಂತು ಕಣ್ಣು ಮುಚ್ಚಿಕೊಂಡರು. "ನಾನು ತಿರುಗಿಸ್ತಿದ್ದೆ ಕಣೆ" ಅಂದರು, ಸಣ್ಣ ಮಗು ಹಾಗೆ. "ಲೈಟ್ ಹಾಕಿದ್ರೆ ಅಮ್ಮ ಬೈತಾಳೆ ಅಂತ ಕತ್ತಲಲ್ಲೇ ತಿರುಗಿಸ್ತಿದ್ದೆ. ಆದ್ರೆ ತಪ್ಪಿಸಿಲ್ಲ."

ಸಿಟ್ಟು ಬಂದಾಗ ನನಗೆ ಪ್ಯಾಂಟು ಮೇಲೆಳೆದುಕೊಳ್ಳೋ ಚಾಳಿ. ಹಾಗೇ ಸೊಂಟಪಟ್ಟಿಗೆ ಹೆಬ್ಬೆರಳು ತೂರಿಸಿ ಎಳೆದೆ. ಬೆರಳಿಗೆ ಏನೋ ಜಿಗುಟು ಹತ್ತಿತು. ಬಿಳೀ ಜಿಗುಟು. ಮೂಗಿನ ಹತ್ತಿರ ಹಿಡಿದೆ. ಮೀನೆಣ್ಣೆ.

ಪಟ್ಟಿ ಮಗುಚಿ ನೋಡಿದೆ. ಸೊಂಟದ ಕಬ್ಬಿಣದ ಕೊಂಡಿಯ ಸುತ್ತ ಮುಲಾಮು ಮೆತ್ತಿತ್ತು. ನಾನು ಹಿಂದಿನ ಸಂಜೆ ಈ ಕೈಯಾರೆ ಅತ್ತೆಯ ಬೆನ್ನಿಗೆ ಹಚ್ಚಿದ ಮುಲಾಮು.

ಅಯ್ಯೋ ದೇವರೇ. ಹಾಸಿಗೆ ಕೆಳಗಲ್ಲ. ಹಾಸಿಗೆಯ ಮೇಲೆ, ಹೊದಿಕೆಯೊಳಗೆ, ಬರೀ ಬೆನ್ನಿನ ಕೆಳಗೆ! ಗಾಳಿ ಹಾಸಿಗೆ ಒತ್ತಲ್ಲ ಅಂತ ಅತ್ತೆ ತಾನೇ ಒತ್ತಿದ್ದರು. ರಾತ್ರಿಯಿಡೀ ನನ್ನ ಪ್ಯಾಂಟಿನ ಮೇಲೆ, ಕೊಂಡಿಯ ಮೇಲೆ. ಬೆಳಕು ಹರಿಯುವ ಮುಂಚೆ ಎಳೆದು ಮಂಚದ ಅಂಚಿಗಿಡೋರು. ನಾನು ಹಾಕ್ಕೊಂಡು ಹೋಗಿ ಸಾಲಿನಲ್ಲಿ ಎದೆಯುಬ್ಬಿಸಿ ನಿಲ್ಲುತ್ತಿದ್ದೆ.

ಗಂಡನಿಗೆ ತೋರಿಸಿದೆ. ಅವರು ನೋಡಿದರು, ಮೂಸಿದರು, ಮುಖ ಬಿಳಿಚಿಕೊಂಡಿತು.

"ಹೇಳ್ಬೇಡ" ಅಂದರು ತಕ್ಷಣ.

"ಏನು?"

"ಯೋಚನೆ ಮಾಡು. ರೋಗಿ ಮೈ ಕೆಳಗೆ ಬಟ್ಟೆ ಇಟ್ಟು ಇಸ್ತ್ರಿ ಮಾಡಿಸ್ಕೊಳ್ಳೋ ಮನೆ ಅಂತ ಬರೀತಾರೆ. ಇಂಥ ಮನೇಲಿ ಯಾರು ಬಿಡ್ತಾರೆ ಅಮ್ಮನ್ನ?"

ಅವರ ಮಾತಲ್ಲಿ ಸುಳ್ಳಿರಲಿಲ್ಲ. ಹೇಳಿದರೆ ನಾನು ಎಂಥ ಸೊಸೆ ಅಂತ ಪುಸ್ತಕದಲ್ಲಿ ಏರುತ್ತೆ. ಹೇಳದಿದ್ದರೆ ಹುಣ್ಣಿಗೆ ಕಾರಣ ಗೊತ್ತಿಲ್ಲ, ಅನುಮಾನ ನಮ್ಮ ಮೇಲೆ, ಅತ್ತೆ ವಾರ್ಡಿಗೆ. ಎರಡು ಕಡೆಯೂ ಬಾಗಿಲು ಮುಚ್ಚಿದ ಹಾಗೇ ಕಂಡಿತು. ಸತ್ಯವಾಗಿ ಹೇಳ್ತೀನಿ, ಬಚ್ಚಲಿಗೆ ಹೋಗಿ ಆ ಕಲೆ ತೊಳೆದುಬಿಡೋಣ ಅಂತ ಎರಡು ಹೆಜ್ಜೆ ಇಟ್ಟೆ. ಆಗ ಒಳಗಿಂದ ಸಿಸ್ಟರ್ ಫೋನಿನಲ್ಲಿ ಮಾತಾಡೋದು ಕೇಳಿಸಿತು. "ಒಂದು ಮಂಚ ಖಾಲಿ ಇದೆಯಾ ನೋಡಿ ಹೇಳಿ" ಅಂತಿದ್ದರು.

ಬಾಗಿಲು ದೂಡಿಕೊಂಡು ಒಳಗೆ ನುಗ್ಗಿದೆ.

"ಫೋನ್ ಇಡಿ ಸಿಸ್ಟರ್. ಕಾರಣ ನಾನು." ಸೊಂಟಪಟ್ಟಿ ಮಗುಚಿ ಕೊಂಡಿ ತೋರಿಸಿದೆ. ನಾಚಿಕೆ ಎಲ್ಲೋ ಹೋಗಿತ್ತು. "ಈ ಕೊಂಡಿ, ಆ ಗುರುತು, ಎರಡನ್ನೂ ಇಟ್ಟು ನೋಡಿ. ಅತ್ತೆ ನನ್ನ ಪ್ಯಾಂಟಿನ ಮೇಲೆ ಮಲಗ್ತಿದ್ರು. ಗೆರೆ ಬರಲಿ ಅಂತ. ಮಾಡಿ ಅಂತ ನಾನು ಬಾಯಿಬಿಟ್ಟು ಹೇಳ್ಲಿಲ್ಲ, ಆದ್ರೆ ಗೆರೆ ಬರ್ತಿಲ್ಲ ಅಂತ ಗೊಣಗಿದ್ದು ನಾನೇ."

ಸಿಸ್ಟರ್ ಟಾರ್ಚ್ ಹತ್ತಿಸಿ ಕೊಂಡಿ ನೋಡಿದರು, ಬೆನ್ನು ನೋಡಿದರು, ನನ್ನ ಮುಖ ನೋಡಿದರು. "ಇಸ್ತ್ರಿಗಾ?" ಅಂದರು. ಮೂವತ್ತು ವರ್ಷದ ಕೆಲಸದಲ್ಲಿ ಅವರು ಇಂಥದ್ದು ಕೇಳಿರಲಿಕ್ಕಿಲ್ಲ.

"ಅವಳದ್ದೇನೂ ತಪ್ಪಿಲ್ಲ" ಅಂದರು ಅತ್ತೆ. ಅಷ್ಟು ಹೊತ್ತಿಗೆ ಅವರ ಬಾಯಿಂದ ಬಂದ ಮೊದಲ ಮಾತು. "ಅವಳಿಗೆ ಗೊತ್ತಿಲ್ಲ. ನಾನೇ ಹೊದಿಕೆಯೊಳಗೆ ಬೆನ್ನ ಕೆಳಗೆ ತೂರಿಸ್ಕೋತಿದ್ದೆ."

"ಮತ್ತೆ ಇಷ್ಟು ಹೊತ್ತು ಕೇಳಿದ್ರೆ ಯಾಕಮ್ಮಾ ಬಾಯಿ ಬಿಡ್ಲಿಲ್ಲ?" ಅಂದರು ಸಿಸ್ಟರ್. ಅತ್ತೆ ಮತ್ತೆ ಗೋಡೆ ಕಡೆ ಮುಖ ತಿರುಗಿಸಿಕೊಂಡರು.

ಸಿಸ್ಟರ್ ಪುಸ್ತಕ ತೆರೆದರು. ಪೆನ್ನು ಹಾಳೆ ಮೇಲೆ ನಿಂತೇ ಇತ್ತು, ಇಳಿಯಲೊಲ್ಲದು. ಬಾಗಿಲಲ್ಲಿ ನನ್ನ ಗಂಡ ಕೈ ಕಟ್ಟಿ ನಿಂತಿದ್ದರು. ಗಾಳಿ ಹಾಸಿಗೆಯ ಮೋಟಾರು ಒಂದೇ ಗುರ್‍ ಅಂತಿತ್ತು. ಆ ಪೆನ್ನು ಇಳಿಯುವಷ್ಟರಲ್ಲಿ ನನ್ನ ಅರ್ಧ ಜೀವ ಹೋಯ್ತು.

"ಕಾರಣ ಗೊತ್ತಾದ ಹುಣ್ಣು ವಾಸಿಯಾಗುತ್ತೆ" ಅಂದರು ಕೊನೆಗೆ. "ಎರಡು ವಾರ ಕೊಡ್ತೀನಿ. ಮೈ ಕೆಳಗೆ ಒಂದು ಕರ್ಚೀಫ್ ಕೂಡ ಇರಬಾರದು. ರಾತ್ರಿ ಲೈಟ್ ಹಾಕೇ ತಿರುಗಿಸಿ. ಬಲ ಮಗ್ಗುಲು ಚೆನ್ನಾಗಿದೆ, ಜಾಸ್ತಿ ಹೊತ್ತು ಆ ಕಡೆಗೇ ಇರಲಿ." ಚಪ್ಪಲಿ ಹಾಕಿಕೊಳ್ಳುವಾಗ ನನ್ನ ಕಡೆ ನೋಡಿ, "ನೀವು ಹೇಳದೇ ಇದ್ದಿದ್ರೆ ಸಂಜೆ ಹೊತ್ತಿಗೆ ಕರ್ಕೊಂಡು ಹೋಗ್ತಿದ್ದೆ" ಅಂದರು.

ಇವರು ಸಿಸ್ಟರನ್ನ ಬೀದಿ ತನಕ ಬಿಟ್ಟುಬರೋಕೆ ಹೋದರು. ನಾನು ಕೋಣೆಗೆ ವಾಪಸ್ ಬಂದೆ.

"ಬಲ ಮಗ್ಗುಲು ಚೆನ್ನಾಗಿದೆಯಂತಲ್ಲ ಕಣೆ" ಅಂದರು ಅತ್ತೆ.

"ಹೂಂ. ಅದಕ್ಕೇನೀಗ?"

"ಆ ಕಡೆಯಿಂದ ಸ್ಕರ್ಟ್ ಒಂದು ಮಾಡ್ಕೊಡ್ಲಾ? ಅದಕ್ಕೆ ಕೊಂಡಿ ಇಲ್ಲ. ಬರೀ ಝಿಪ್ಪು. ಅದನ್ನ ಹೊರಗಡೆ ಬರೋ ಹಾಗೆ ಮಡಚ್ತೀನಿ."

ಅಲ್ಲಿಗೆ ನನ್ನ ತಾಳ್ಮೆ ಕಿತ್ತುಹೋಯ್ತು. "ನಿಮಗೇನು ಬುದ್ಧಿ ಕೆಟ್ಟಿದೆಯಾ ಅತ್ತೆ? ಈಗ ತಾನೇ ತಪ್ಪಿಸ್ಕೊಂಡಿದೀರಿ! ನಿಮ್ಮನ್ನ ಇಸ್ತ್ರಿಗೆ ಅಂತ ಇಟ್ಕೊಂಡಿದೀನಾ ನಾನು? ಸುಕ್ಕು ಪ್ಯಾಂಟ್ ಹಾಕ್ಕೊಂಡು ಹೋಗ್ತೀನಿ, ಆ ಸಾಹೇಬ ಏನು ಬೇಕಾದ್ರೂ ಬೊಗಳ್ಲಿ! ನೋವಾಗ್ತಿರ್ಲಿಲ್ವಾ ನಿಮಗೆ? ಆ ಕೊಂಡಿ ಚುಚ್ತಿರ್ಲಿಲ್ವಾ?" ಕೂಗ್ತಾ ಕೂಗ್ತಾ ಅಳು ಬಂದುಬಿಡ್ತು. ಅಳೋದು ನನಗೆ ಬರಲ್ಲ, ಬಂದರೆ ಕೆಟ್ಟದಾಗಿ ಬರುತ್ತೆ.

"ಚುಚ್ತಿತ್ತು" ಅಂದರು.

"ಮತ್ತೆ?"

ಅತ್ತೆ ಕೈ ಚಾಚಿ ನನ್ನ ಪ್ಯಾಂಟಿನ ಮಡಿಕೆ ಹಿಡಿದರು, ಅಂಗಡಿಯಲ್ಲಿ ಬಟ್ಟೆ ಮುಟ್ಟಿ ನೋಡುವ ಹಾಗೆ, ಎರಡೇ ಬೆರಳಲ್ಲಿ.

"ನೀನು ಬಟ್ಟೆ ಕೊಡೋಕೆ ಅಂತ ಬರ್ತಿದ್ದೆ, ತಗೊಳ್ಳೋಕೆ ಅಂತ ಬರ್ತಿದ್ದೆ. ಮಗು ಸ್ಕರ್ಟ್ ತಂದು ಕೂತ್ಕೊಂಡು ಸ್ಕೂಲ್ ಕತೆ ಹೇಳೋಳು. ಅವನು ಅಂಗಿ ತಂದು ನಿಲ್ಲೋನು. ಅದು ನಿಂತೋಯ್ತು ಅಂದ್ರೆ ನೀವ್ಯಾಕೆ ಬರ್ತೀರಿ ಈ ಕೋಣೆಗೆ?"

"ಏನು ಮಾತು ಅಂತ ಆಡ್ತೀರಿ ಅತ್ತೆ" ಅನ್ನೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಹೋದ ವಾರ ನಡೆದಿದ್ದನ್ನ ನೆನಪು ಮಾಡಿಕೊಂಡೆ. ಮುಲಾಮು ಹಚ್ಚೋಕೆ ಎರಡು ನಿಮಿಷ, ಮೂಗು ಮುಚ್ಚಿಕೊಂಡು. ಮಗ್ಗುಲು ಬದಲಾಯಿಸೋಕೆ ಒಂದು ನಿಮಿಷ, ಮನಸ್ಸು ಇನ್ನೆಲ್ಲೋ. ತಟ್ಟೆ ಇಡೋದು, ತಟ್ಟೆ ತೆಗೆಯೋದು. ನಿಂತು ನಕ್ಕಿದ್ದು, ನಾಲ್ಕು ಮಾತಾಡಿದ್ದು ಅಂದರೆ ಪ್ಯಾಂಟು ಕೊಡುವಾಗ, ಪ್ಯಾಂಟು ತಗೊಳ್ಳುವಾಗ. ಎಷ್ಟು ಹುಡುಕಿದರೂ ಬೇರೆ ಒಂದು ಸಲ ಸಿಗಲಿಲ್ಲ.

"ಹನ್ನೊಂದಕ್ಕೆ ಡ್ಯೂಟಿ ಅಲ್ವಾ? ಹೊತ್ತಾಯ್ತು, ಹೋಗು" ಅಂದರು ಅತ್ತೆ.

ಮೂಲೆಯಲ್ಲೊಂದು ಕುರ್ಚಿ ಇತ್ತು, ಮೇಲೆ ಔಷಧದ ಡಬ್ಬ, ಹಳೇ ಪೇಪರು, ಒಗೆಯೋ ಬಟ್ಟೆ. ಎಲ್ಲವನ್ನೂ ನೆಲಕ್ಕಿಳಿಸಿದೆ. ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತೆ. ಡಿಪೋಗೆ ಫೋನ್ ಮಾಡಿ ಇವತ್ತು ಬರಲ್ಲ ಅಂದೆ, ಯಾಕೆ ಅಂದಿದ್ದಕ್ಕೆ ಸುಮ್ನೆ ಇಟ್ಟುಬಿಟ್ಟೆ. ಅತ್ತೆ ನನ್ನನ್ನೇ ನೋಡ್ತಿದ್ದರು. ನಾನೂ ಅವರನ್ನೇ ನೋಡಿದೆ.

"ಏನು ಮಾತಾಡೋದು ಅತ್ತೆ?" ಅಂತ ಕೊನೆಗೆ ಕೇಳಿದೆ. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ.